‘ಮಕ್ಕಳಿಗೆ ಉಚಿತ ಆಟಿಕೆ’ ಲಿಂಕ್: 49 ರೂಪಾಯಿ ಕೊಟ್ಟವರ ಖಾತೆಯಿಂದ ಮೂರು ಸಲ ಹಣ ಹೋಯಿತು

ದಸರಾ ರಜೆ, ಮಕ್ಕಳ ದಿನಾಚರಣೆ ಹತ್ತಿರ ಬಂದರೆ ಸಾಕು, ಶಾಲೆಯ ಪೋಷಕರ ವಾಟ್ಸಾಪ್ ಗುಂಪಿನಲ್ಲಿ ಈ ಸಂದೇಶ ಬಂದು ಬೀಳುತ್ತದೆ: ಹೆಸರಾಂತ ಆಟಿಕೆ ಕಂಪನಿಯ ವಾರ್ಷಿಕೋತ್ಸವ, ಮೊದಲ 500 ಮಕ್ಕಳಿಗೆ ಉಚಿತ ಆಟಿಕೆ. ಕಳಿಸಿದವರು ಗುರುತಿನವರೇ, ಹಾಗಾಗಿ ಅನುಮಾನವೂ ಬರುವುದಿಲ್ಲ. ಇಂಥದ್ದೇ ಲಿಂಕ್ ಒತ್ತಿದ ತಾಯಿಯೊಬ್ಬರು ತಿಳಿದು ಕೊಟ್ಟದ್ದು ‘ಡೆಲಿವರಿ ಚಾರ್ಜ್’ 49 ರೂಪಾಯಿ ಮಾತ್ರ. ಅದೇ ರಾತ್ರಿ ಅವರ ಖಾತೆಯಿಂದ ಮೂರು ಸಲ ಹಣ ಹೋಯಿತು.

ಲಿಂಕ್ ಒತ್ತಿದಾಗ ಮೂರು ಉಡುಗೊರೆ ಡಬ್ಬಿಗಳು ಕಾಣಿಸಿದವು. ಮೊದಲನೆಯದು ಖಾಲಿ, ಎರಡನೆಯದರಲ್ಲಿ ಆಟಿಕೆ! ಯಾವ ಡಬ್ಬಿ ಮುಟ್ಟಿದರೂ ಎರಡನೇ ಸಲ ಗೆಲ್ಲುವಂತೆಯೇ ಆ ಪುಟವನ್ನು ಬರೆದಿರುತ್ತಾರೆ. ‘ಇನ್ನು 237 ಮಾತ್ರ ಉಳಿದಿವೆ’ ಎಂಬ ಲೆಕ್ಕವೂ ಹಾಗೇ. ಪುಟವನ್ನು ರಿಫ್ರೆಶ್ ಮಾಡಿ ನೋಡಿ, ಎಣಿಕೆ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಆಮೇಲೆ ‘20 ಜನರಿಗೆ ಕಳಿಸಿ’ ಎನ್ನುತ್ತದೆ. ಹಸಿರು ಗುಂಡಿ ಒತ್ತಿ, ಯಾರಿಗೂ ಕಳಿಸದೆ ಹಿಂದೆ ಬಂದರೂ, ಎಷ್ಟು ಜನರಿಗೆ ಕಳಿಸಿದಿರೆಂದು ತೋರಿಸುವ ಬಣ್ಣದ ಪಟ್ಟಿ ಮುಂದಕ್ಕೆ ತುಂಬುತ್ತದೆ. ನೀವು ಕಳಿಸಿದಿರೋ ಇಲ್ಲವೋ ತಿಳಿಯುವ ದಾರಿಯೇ ಆ ಪುಟಕ್ಕಿಲ್ಲ. ಇಷ್ಟು ಕಂಡರೆ ಸಾಕು, ಅಲ್ಲಿಗೇ ಬಿಟ್ಟುಬಿಡಿ.

ವಿಳಾಸವನ್ನೂ ಓದಲು ಕಲಿಯಬೇಕು. ‘ಹೆಚ್‌ಟಿಟಿಪಿಎಸ್’ ನಂತರದ ಜೋಡಿ ಓರೆಗೀಟು (//) ಬಿಟ್ಟು, ಮುಂದೆ ಬರುವ ಮೊದಲ ಒಂಟಿ ಓರೆಗೀಟಿನ (/) ಎಡಕ್ಕೆ ನೋಡಿ. ಅದಕ್ಕೆ ತಾಗಿ ಇರುವುದೇ ತಾಣದ ನಿಜವಾದ ಹೆಸರು. ಕಂಪನಿಯ ಹೆಸರು ಮುಂದೆ ಇದ್ದು, ಕೊನೆಯಲ್ಲಿ ಇನ್ಯಾವುದೋ ಹೆಸರಿನ ಜೊತೆ ‘ಡಾಟ್ ಟಾಪ್’, ‘ಡಾಟ್ ಎಕ್ಸ್‌ವೈಜೆಡ್’ ಎಂದಿದ್ದರೆ ಅದು ಕಂಪನಿಯ ತಾಣವಲ್ಲ.

ಮುಂದಿನದು ಫಾರಂ. ಮಗುವಿನ ಹೆಸರು, ವಯಸ್ಸು, ಶಾಲೆ, ಫೋಟೊ, ಮನೆ ವಿಳಾಸ. ಪಾರ್ಸೆಲ್ ಕಳಿಸಲು ಶಾಲೆಯ ಹೆಸರು, ಮಗುವಿನ ಫೋಟೊ ಯಾಕೆ ಬೇಕು? ಹಣ ಹೋದರೆ ಹೇಗೋ ಸುಧಾರಿಸಿಕೊಳ್ಳಬಹುದು, ಈ ವಿವರಗಳು ಹೋದರೆ ವಾಪಸ್ ಬರುವುದಿಲ್ಲ.

ಕೊನೆಯಲ್ಲಿ 49 ರೂಪಾಯಿ. ವಂಚಕರಿಗೆ ಬೇಕಿದ್ದದ್ದು ಈ ಮೊತ್ತವಲ್ಲ, ಕಾರ್ಡ್ ಸಂಖ್ಯೆ ಮತ್ತು ಹಿಂಬದಿಯ ಗುಪ್ತ ಸಂಖ್ಯೆ ಸಿವಿವಿ. ‘ಪಾರ್ಸೆಲ್ ಎಲ್ಲಿದೆ ನೋಡಲು’ ಎಂದು ಒಂದು ಎಪಿಕೆ ಫೈಲ್ (ಫೋನಿಗೆ ನೇರವಾಗಿ ಆ್ಯಪ್ ಹಾಕುವ ಫೈಲ್) ಬಂತು. ಪ್ಲೇ ಸ್ಟೋರ್‌ನಿಂದ ಬಂದದ್ದಲ್ಲ, ವಾಟ್ಸಾಪ್‌ನಲ್ಲೇ ಬಂದದ್ದು. ಹಾಕಿಕೊಂಡಾಗ ಎಸ್‌ಎಂಎಸ್ ಓದಲು ಅನುಮತಿ ಕೇಳಿತು, ಆ ತಾಯಿ ಕೊಟ್ಟರು. ಅಲ್ಲಿಂದ ಮುಂದೆ ಬ್ಯಾಂಕಿನ ಒಟಿಪಿಗಳೆಲ್ಲ ಸದ್ದಿಲ್ಲದೆ ವಂಚಕರ ಕೈ ಸೇರಿದವು. ಪಾರ್ಸೆಲ್ ಹುಡುಕಲು ಎಸ್‌ಎಂಎಸ್ ಓದುವ ಅಗತ್ಯ ಯಾವ ಆ್ಯಪ್‌ಗೂ ಇಲ್ಲ.

ಹೀಗಾದರೆ ಮೊದಲು ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ವೈಫೈ ಕೂಡ ಆರಿಸಿ. ಇನ್ನೊಂದು ಫೋನಿನಿಂದ ಬ್ಯಾಂಕಿಗೆ ಹೇಳಿ ಕಾರ್ಡ್ ಮತ್ತು ಯುಪಿಐ ತಡೆಸಿ, ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಹಣ ಇನ್ನೊಂದು ಖಾತೆಗೆ ದಾಟುವ ಮುಂಚೆ ತಡೆಹಿಡಿಯಬೇಕು, ಅದಕ್ಕೇ ಬೆಳಗಿನವರೆಗೆ ಕಾಯಬಾರದು. ವ್ಯವಹಾರದ 12 ಅಂಕಿಯ ಉಲ್ಲೇಖ ಸಂಖ್ಯೆ, ಲಿಂಕ್‌ನ ಸ್ಕ್ರೀನ್‌ಶಾಟ್ ಎತ್ತಿಡಿ. ಆ್ಯಪ್ ಅಳಿಸಲು ಬಿಡದಿದ್ದರೆ, ಸೆಟ್ಟಿಂಗ್ಸ್‌ನ ಆಕ್ಸೆಸಿಬಿಲಿಟಿ ಮತ್ತು ಡಿವೈಸ್ ಅಡ್ಮಿನ್ ಎರಡರಲ್ಲೂ ಅದನ್ನು ಆರಿಸಿ, ಆಮೇಲೆ ಅಳಿಸಿ. ವಾಟ್ಸಾಪ್‌ನ ‘ಲಿಂಕ್ಡ್ ಡಿವೈಸಸ್’ನಲ್ಲಿ ಗೊತ್ತಿಲ್ಲದ ಸಾಧನವಿದ್ದರೆ ತೆಗೆಯಿರಿ. ಲಿಂಕ್ ಕಳಿಸಿದ್ದ ಗುಂಪುಗಳಿಗೂ ನಾಚಿಕೊಳ್ಳದೆ ಹೇಳಿ.

ಇನ್ನು ಕೆಲವು ಸಲ ಆಟಿಕೆ ನಿಜವಾಗಿಯೂ ಬರುತ್ತದೆ, ಹೆಸರಿಲ್ಲದ ಪ್ಲಾಸ್ಟಿಕ್ ಕವರಿನಲ್ಲಿ. ನಮ್ಮ ದೇಶದಲ್ಲಿ 2021ರ ಜನವರಿ 1ರಿಂದ ಆಟಿಕೆಗಳಿಗೆ ಐಎಸ್ಐ ಗುರುತು ಕಡ್ಡಾಯ. ಅದರ ಕೆಳಗಿನ ‘ಸಿಎಂ/ಎಲ್’ ಪರವಾನಗಿ ಸಂಖ್ಯೆಯನ್ನು ಭಾರತೀಯ ಮಾನಕ ಬ್ಯೂರೊದ ‘ಬಿಐಎಸ್ ಕೇರ್’ ಆ್ಯಪ್‌ನಲ್ಲಿ ಹಾಕಿ ನೋಡಿ. (ಭೌಗೋಳಿಕ ಗುರುತು ಪಡೆದ ಚನ್ನಪಟ್ಟಣದ ಬೊಂಬೆಗಳಿಗೆ ವಿನಾಯಿತಿ ಇದೆ. ಅವುಗಳ ಮೇಲೆ ಗುರುತಿಲ್ಲ ಎಂದು ಸಂಶಯಪಡಬೇಡಿ.) ದೀಪ ಮಿನುಗುವ, ಹಾಡುವ ಆಟಿಕೆಯಾದರೆ ಬ್ಯಾಟರಿ ಮುಚ್ಚಳವನ್ನು ಉಗುರಿನಿಂದ ಎಬ್ಬಿಸಿ ನೋಡಿ. ಸ್ಕ್ರೂ ಇಲ್ಲದೆ ಸುಲಭವಾಗಿ ತೆರೆದುಕೊಂಡರೆ ಮಗುವಿಗೆ ಕೊಡಲೇಬೇಡಿ. 20 ಮಿ.ಮೀ. ಅಗಲದ, ನಾಣ್ಯದಂಥ ಬಟನ್ ಬ್ಯಾಟರಿಯನ್ನು ಮಗು ನುಂಗಿ, ಅದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಆಳವಾದ ಸುಟ್ಟಗಾಯ ಮಾಡಬಲ್ಲದು. ಒದ್ದೆ ಮಾಂಸದ ಮೂಲಕ ವಿದ್ಯುತ್ ಹರಿದು ಅಲ್ಲೇ ಕ್ಷಾರ ಹುಟ್ಟುತ್ತದೆ, ಬ್ಯಾಟರಿ ಸೋರಬೇಕೆಂದೇ ಇಲ್ಲ. ನುಂಗಿದ ಅನುಮಾನವಿದ್ದರೆ ವಾಂತಿ ಮಾಡಿಸಬೇಡಿ, ಎಕ್ಸ್-ರೇ ಇರುವ ಆಸ್ಪತ್ರೆಗೆ ನೇರವಾಗಿ ಹೋಗಿ.

ದುಡ್ಡಿಲ್ಲದೆ ಆಟಿಕೆ ಸಿಗುವ ಜಾಗಗಳು ಬೇರೆ ಇವೆ. 2023ರಲ್ಲಿ ನಗರಸಭೆ, ಪಾಲಿಕೆಗಳು ಹಳೆಯ ಆಟಿಕೆ, ಬಟ್ಟೆ, ಪುಸ್ತಕ ಪಡೆಯಲು ಆರ್‌ಆರ್‌ಆರ್ (ರೆಡ್ಯೂಸ್, ರೀಯೂಸ್, ರೀಸೈಕಲ್) ಕೇಂದ್ರಗಳನ್ನು ತೆರೆದವು. ನಿಮ್ಮ ವಾರ್ಡಿನಲ್ಲಿ ಈಗಲೂ ನಡೆಯುತ್ತಿದೆಯೇ ಎಂದು ಕಸದ ಗಾಡಿಯವರನ್ನೇ ಕೇಳಿ. ಹಳ್ಳಿಯಲ್ಲಿದ್ದರೆ ಪಂಚಾಯಿತಿ ಗ್ರಂಥಾಲಯ, ಅಂದರೆ ಅರಿವು ಕೇಂದ್ರಕ್ಕೆ ಮಕ್ಕಳನ್ನು ಕರೆದೊಯ್ಯಿರಿ. ಎಷ್ಟೋ ಕಡೆ ಕೇರಂ, ಚೆಸ್ ಅಲ್ಲೇ ಆಡಬಹುದು. ಅಪಾರ್ಟ್‌ಮೆಂಟಿನವರು, ಅಕ್ಕಪಕ್ಕದವರು ಕೊಟ್ಟ ಆಟಿಕೆಯನ್ನು ಸೋಪು ನೀರಿನಲ್ಲಿ ತೊಳೆದು ಒಣಗಿಸಿ. ಬಣ್ಣ ಚಕ್ಕೆ ಏಳುತ್ತಿದ್ದರೆ ಬೇಡ. ಬ್ಯಾಟರಿ ಮುಚ್ಚಳಕ್ಕೆ ಇಲ್ಲೂ ಒಮ್ಮೆ ಉಗುರು ಹಾಕಿ ನೋಡಿ, ಹಳೆಯ ಆಟಿಕೆಗಳಲ್ಲಿ ಆ ಸ್ಕ್ರೂ ಬಿದ್ದುಹೋಗಿರಬಹುದು.