ಹಗುರ ಸಬ್‌ವೂಫರ್ ಪೆಟ್ಟಿಗೆ: ಎಂಡಿಎಫ್, ಫೈಬರ್‌ಗ್ಲಾಸ್, ಫೋಮ್ ಸ್ಯಾಂಡ್‌ವಿಚ್, ಕಾರ್ಬನ್

ಕಾರಿನ ಡಿಕ್ಕಿಯಲ್ಲಿ ಇಡುವ ಸಬ್‌ವೂಫರ್ (ತಗ್ಗು ಸ್ವರಗಳ ಸ್ಪೀಕರ್) ಪೆಟ್ಟಿಗೆಗೆ ಎಂಡಿಎಫ್ (ಮರದ ನಾರನ್ನು ಅಂಟಿನೊಂದಿಗೆ ಒತ್ತಿ ಮಾಡಿದ) ಹಲಗೆಯೇ ಸರಿ ಎಂಬ ಮಾತು ಬಹುಕಾಲದಿಂದ ನಡೆದುಬಂದಿದೆ. ಮಾತು ಸುಳ್ಳಲ್ಲ, ಆದರೆ ಪೆಟ್ಟಿಗೆ ಭಾರ. 10 ಇಂಚಿನ ಒಂದು ಡ್ರೈವರ್ (ಸದ್ದು ಹೊರಡಿಸುವ ಸ್ಪೀಕರ್ ಘಟಕ), 20 ಲೀಟರ್ ಒಳಗಾತ್ರ, ಎಲ್ಲ ಕಡೆಯೂ ಮುಚ್ಚಿದ ವಿನ್ಯಾಸ. ಈ ಮೂರನ್ನು ಬದಲಿಸದೆ ಎಂಡಿಎಫ್, ಗಟ್ಟಿ ಫೈಬರ್‌ಗ್ಲಾಸ್ ಚಿಪ್ಪು, ಗಾಜಿನ ಬಟ್ಟೆ ಹೊದಿಸಿದ ಫೋಮ್ ಸ್ಯಾಂಡ್‌ವಿಚ್, ಕಾರ್ಬನ್ ಹೊದಿಸಿದ ಫೋಮ್ ಸ್ಯಾಂಡ್‌ವಿಚ್ ಎಂಬ ನಾಲ್ಕೂ ಬಗೆಯಲ್ಲಿ ಕಟ್ಟಿ, ಒಂದೇ ಕಾರಿನಲ್ಲಿ ಕೇಳಿದ್ದೇನೆ. ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ: ಗಾಜಿನ ಬಟ್ಟೆಯ ಫೋಮ್ ಸ್ಯಾಂಡ್‌ವಿಚ್ ಉಳಿದ ಮೂರನ್ನೂ ಹಿಂದೆ ಹಾಕಿತು.

ಕಾರಣ ತಿಳಿಯಲು ಪೆಟ್ಟಿಗೆಯ ಗೋಡೆ ಎಷ್ಟು ಒತ್ತಡ ತಾಳಬೇಕು ಎಂಬ ಲೆಕ್ಕ ಬೇಕು. 10 ಇಂಚಿನ ಡ್ರೈವರ್‌ನಲ್ಲಿ ಹಿಂದೆ ಮುಂದೆ ಆಡುವ ಕೋನಿನ ವಿಸ್ತೀರ್ಣ ಸುಮಾರು 330 ಚದರ ಸೆಂಟಿಮೀಟರ್. ಅದು 10 ಮಿಲಿಮೀಟರ್ ಒಳಸರಿದರೆ ಮೂರನೇ ಒಂದು ಲೀಟರಿನಷ್ಟು ಜಾಗ ಕಡಿಮೆಯಾಗಿ, 20 ಲೀಟರ್ ಪೆಟ್ಟಿಗೆಯೊಳಗೆ ಒತ್ತಡ ಸುಮಾರು 2,300 ಪ್ಯಾಸ್ಕಲ್ ಏರುತ್ತದೆ. ಸಂಖ್ಯೆ ಸಣ್ಣದೆನಿಸಬಹುದು. ಆದರೆ 30 ಸೆಂಟಿಮೀಟರ್ ಉದ್ದ, ಅಷ್ಟೇ ಅಗಲದ ಗೋಡೆಯ ಮೇಲೆ ಅದು 20 ಕಿಲೋಗೂ ಮಿಕ್ಕಿದ ಭಾರ. 40 ಹರ್ಟ್ಸ್ ಸ್ವರ ಮೊಳಗುತ್ತಿದ್ದರೆ ಸೆಕೆಂಡಿಗೆ 40 ಸಲ ಈ ಭಾರ ಗೋಡೆಯನ್ನು ಹೊರಕ್ಕೆ ತಳ್ಳುತ್ತದೆ, 40 ಸಲ ಒಳಕ್ಕೆ ಎಳೆಯುತ್ತದೆ. ಇದಕ್ಕೆ ಮಣಿಯದೆ ನಿಲ್ಲಲು ಬೇಕಾದದ್ದು ಬಿಗಿತ. ಒಂದೇ ವಸ್ತುವಿನ ಹಲಗೆಯ ದಪ್ಪ ಇಮ್ಮಡಿಯಾದರೆ ಬಾಗುವಿಕೆಯ ಬಿಗಿತ ಎಂಟು ಪಟ್ಟಾಗುತ್ತದೆ. ನಾಲ್ಕು ಪೆಟ್ಟಿಗೆಗಳ ನಡುವಿನ ವ್ಯತ್ಯಾಸವೆಲ್ಲ ಹೊರಟದ್ದು ಇಲ್ಲಿಂದಲೇ.

ಎಂಡಿಎಫ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ. 18 ಮಿಲಿಮೀಟರ್ ಹಲಗೆ ಚದರ ಮೀಟರಿಗೆ ಸುಮಾರು 13 ಕಿಲೋ ತೂಗುತ್ತದೆ. ಡ್ರೈವರ್ ಇಲ್ಲದ ಖಾಲಿ ಪೆಟ್ಟಿಗೆಯೇ ಏಳು ಕಿಲೋ ದಾಟಿತು. ನೇರವಾಗಿ ಕತ್ತರಿಸಬಹುದು, ಅಂಟು ಚೆನ್ನಾಗಿ ಹಿಡಿಯುತ್ತದೆ, ಕೆಲಸ ಬೇಗ ಮುಗಿಯುತ್ತದೆ. ನಾದದಲ್ಲಿ ಕೊರತೆಯಿಲ್ಲ. ನೀರು ತಗಲಿದರೆ ಅಂಚು ಉಬ್ಬುತ್ತದೆ. ಪೆಟ್ಟಿಗೆಯ ಗಾತ್ರ ಸರಿಯಾಗಿದೆಯೇ ಎಂದು ಪರೀಕ್ಷಿಸಲು ನಾನು ಇಂದಿಗೂ ಮೊದಲು ಕಟ್ಟುವುದು ಎಂಡಿಎಫ್‌ನಲ್ಲಿಯೇ.

ಕಾರಿನ ಸೌಂಡ್ ಸಿಸ್ಟಮ್ ಹವ್ಯಾಸಿಗಳಿಗೆ ಫೈಬರ್‌ಗ್ಲಾಸ್ ಚಿಪ್ಪಿನ ಮೇಲೆ ವಿಶೇಷ ಮೋಹ. ಅದಕ್ಕೆ ತಕ್ಕ ಕಾರಣವೂ ಇದೆ: ಚಕ್ರದ ಕಮಾನಿನ ಪಕ್ಕದ ಸಂದು, ಸ್ಟೆಪ್ನಿ ಕೂರುವ ಗುಂಡಿ, ಹೀಗೆ ಯಾವ ಹಲಗೆಯೂ ಹೊಂದಿಕೊಳ್ಳದ ಜಾಗಕ್ಕೆ ಅದು ಅಚ್ಚುಕಟ್ಟಾಗಿ ಕೂರುತ್ತದೆ. ಚೌಕಟ್ಟಿನ ಮೇಲೆ ಉಣ್ಣೆಯಂಥ ಬಟ್ಟೆ ಎಳೆದು ಬಿಗಿದು, ಪಾಲಿಯೆಸ್ಟರ್ ರೆಸಿನ್ (ಗಟ್ಟಿಯಾಗುವ ಅಂಟುದ್ರವ) ಬಳಿದು, ಒಣಗಿದ ಮೇಲೆ ಒಳಗಿನಿಂದ ಮ್ಯಾಟ್ (ಗಾಜಿನ ಎಳೆಗಳನ್ನು ಹರಡಿ ಮಾಡಿದ ಹಾಳೆ) ಪದರಗಳನ್ನು ಕೂರಿಸುತ್ತಾ ಹೋಗುವುದು ರೂಢಿಯ ಕ್ರಮ. ಇದು ಹಗುರ ಎಂಬ ನಂಬಿಕೆ ಮಾತ್ರ ತಕ್ಕಡಿಯ ಮೇಲೆ ನಿಲ್ಲುವುದಿಲ್ಲ. ಮ್ಯಾಟ್ ತನ್ನ ತೂಕದ ಎರಡು, ಎರಡೂವರೆ ಪಟ್ಟು ರೆಸಿನ್ ಹೀರುತ್ತದೆ. ಎಳೆದು ಕಟ್ಟಿದ ಬಟ್ಟೆ ಅದಕ್ಕಿಂತಲೂ ಹೆಚ್ಚು ಕುಡಿಯುತ್ತದೆ. 6 ಮಿಲಿಮೀಟರ್ ದಪ್ಪಕ್ಕೆ ಬರುವಷ್ಟರಲ್ಲಿ ಚದರ ಮೀಟರಿಗೆ ಒಂಬತ್ತು ಕಿಲೋ ಹತ್ತಿರವಾಗಿರುತ್ತದೆ. ಮೇಲ್ಮೈ ನಯ ಮಾಡುವ ಪುಟ್ಟಿ ಸೇರಿದ ಮೇಲೆ ನನ್ನ ಚಿಪ್ಪು ಆರು ಕಿಲೋ ತೂಗಿತು. ಇಷ್ಟೆಲ್ಲ ಶ್ರಮಕ್ಕೆ ಉಳಿದದ್ದು ಒಂದು ಕಿಲೋ.

ಬಿಗಿತದ ಕಥೆಯೂ ಇಬ್ಬಗೆ. ದುಂಡಗಿನ ಭಾಗ ಒತ್ತಡವನ್ನು ಸಲೀಸಾಗಿ ತಾಳಿತು, ಏಕೆಂದರೆ ವಕ್ರ ಮೇಲ್ಮೈ ಬಾಗುವ ಬದಲು ಎಳೆತದಿಂದಲೇ ಭಾರ ಹೊರುತ್ತದೆ. ಸೀಟಿಗೆ ಒರಗುವ ಚಪ್ಪಟೆ ಬೆನ್ನು ಹಾಗಲ್ಲ. 35 ಹರ್ಟ್ಸ್ ಸ್ವರ ನುಡಿಸಿ ಅದರ ನಡುಮಧ್ಯಕ್ಕೆ ಅಂಗೈ ಇಟ್ಟರೆ ಗೋಡೆ ಉಸಿರಾಡುವುದು ಸ್ಪಷ್ಟವಾಗಿ ತಿಳಿಯುತ್ತಿತ್ತು. ಬೆರಳನ್ನು ಅಂಚಿನತ್ತ ಸರಿಸಿದಂತೆ ಅದು ಕಡಿಮೆಯಾಗಿ, ಮೂಲೆಯಲ್ಲಿ ಪೂರ್ತಿ ನಿಲ್ಲುತ್ತಿತ್ತು. ಇನ್ನಷ್ಟು ಮ್ಯಾಟ್ ಹಾಕಿದರೆ ಅದನ್ನೂ ತಡೆಯಬಹುದು, ಆದರೆ ಆಗ ಎಂಡಿಎಫ್‌ನ ತೂಕಕ್ಕೇ ಮರಳಿದಂತೆ.

ಗಾಜನ್ನು ಹೆಚ್ಚಿಸದೆ ದಪ್ಪವನ್ನು ಹೆಚ್ಚಿಸುವುದೇ ಸ್ಯಾಂಡ್‌ವಿಚ್‌ನ ಉಪಾಯ. ಘನ ಮೀಟರಿಗೆ 80 ಕಿಲೋ ಸಾಂದ್ರತೆಯ, 20 ಮಿಲಿಮೀಟರ್ ದಪ್ಪದ ಪಿವಿಸಿ ಫೋಮ್ ತೆಗೆದುಕೊಂಡೆ. ಎರಡೂ ಮುಖಗಳಿಗೆ ಚದರ ಮೀಟರಿಗೆ 300 ಗ್ರಾಂನ ನೇಯ್ದ ಗಾಜಿನ ಬಟ್ಟೆ ಎರಡೆರಡು ಪದರ, ಎಪಾಕ್ಸಿ ರೆಸಿನ್‌ನಲ್ಲಿ. ಫೋಮ್ 1.6 ಕಿಲೋ, ಗಾಜು 1.2, ರೆಸಿನ್ ಹೆಚ್ಚುಕಡಿಮೆ ಗಾಜಿನಷ್ಟೇ, ಫೋಮಿನ ಮೇಲ್ಮೈ ರಂಧ್ರಗಳು ಹೀರುವುದು ಇನ್ನರ್ಧ ಕಿಲೋ: ಎಲ್ಲ ಸೇರಿ ಚದರ ಮೀಟರಿಗೆ ನಾಲ್ಕೂವರೆ ಕಿಲೋ. ಬಿಗಿತದಲ್ಲಿ ಇದು 18 ಮಿಲಿಮೀಟರ್ ಎಂಡಿಎಫ್‌ಗೆ ಸರಿಸಮವಾಗಿ ನಿಂತಿತು. 6 ಮಿಲಿಮೀಟರ್ ಮ್ಯಾಟ್ ಗೋಡೆಯನ್ನು ಎಷ್ಟೋ ಪಟ್ಟು ಮೀರಿಸಿತು. ಅಂಗೈ ಪರೀಕ್ಷೆಯಲ್ಲಿ ಗೋಡೆ ಅಲುಗಲಿಲ್ಲ. ಮುಗಿದ ಪೆಟ್ಟಿಗೆಯ ತೂಕ ಮೂರು ಕಿಲೋ. ಒಂದೇ ಕೈಯಲ್ಲಿ ಎತ್ತಿ ಡಿಕ್ಕಿಯಲ್ಲಿಟ್ಟಾಗ ಆದ ಸಂತೋಷ ದೊಡ್ಡದು.

ಇಲ್ಲಿ ತಿರುಳಿನ, ಅಂದರೆ ನಡುವಿನ ಫೋಮಿನ, ಆಯ್ಕೆಯೇ ಮುಖ್ಯ. ಫೋಮ್ ಮೆತ್ತಗಿದ್ದರೆ ಗೋಡೆ ಬಾಗುವಾಗ ಎರಡು ಹೊದಿಕೆಗಳೂ ಒಂದಕ್ಕೊಂದು ಹೊಂದದೆ ಜಾರುತ್ತವೆ, ದಪ್ಪದ ಲಾಭವೆಲ್ಲ ಕರಗುತ್ತದೆ. ಥರ್ಮೋಕೋಲ್ ಬೇಡವೇ ಬೇಡ. ಪಾಲಿಯೆಸ್ಟರ್ ರೆಸಿನ್‌ನಲ್ಲಿರುವ ಸ್ಟೈರೀನ್ ಅದನ್ನು ಕಣ್ಣೆದುರೇ ಕರಗಿಸುತ್ತದೆ. ಎಪಾಕ್ಸಿ ಕರಗಿಸುವುದಿಲ್ಲ, ಆದರೂ ಥರ್ಮೋಕೋಲ್‌ನ ಬಲ ಸಾಲದು.

ಸ್ಯಾಂಡ್‌ವಿಚ್ ಹೆಚ್ಚು ಕೆಲಸ ಬೇಡುವುದು ಅಂಚಿನಲ್ಲಿ ಮತ್ತು ತೂತಿನಲ್ಲಿ. ಫೋಮಿನಲ್ಲಿ ಸ್ಕ್ರೂ ನಿಲ್ಲುವುದಿಲ್ಲ. ಡ್ರೈವರ್ ಕೂರುವ ಜಾಗದಲ್ಲಿ ಫೋಮ್ ತೆಗೆದು ಅದೇ ದಪ್ಪದ ಪ್ಲೈವುಡ್ ಬಳೆ ಕೂರಿಸಿ, ಅದರ ಮೇಲೆಯೇ ಬಟ್ಟೆ ಹೊದಿಸಬೇಕು. ತಂತಿ ಜೋಡಿಸುವ ಟರ್ಮಿನಲ್‌ನಂಥ ಸಣ್ಣ ತೂತುಗಳಿಗೆ ಬೇರೆ ಉಪಾಯ: ಹೊದಿಕೆಗಳ ನಡುವಿನ ಫೋಮನ್ನು ಬಗ್ಗಿಸಿದ ಮೊಳೆಯಿಂದ ಸುತ್ತಲೂ ಒಂದು ಸೆಂಟಿಮೀಟರ್ ಕೆರೆದು, ಆ ಪೊಳ್ಳಿಗೆ ಪುಡಿ ಬೆರೆಸಿ ಗಟ್ಟಿ ಮಾಡಿದ ಎಪಾಕ್ಸಿ ತುಂಬಿ, ಒಣಗಿದ ಮೇಲೆ ಮತ್ತೆ ತೂತು ಕೊರೆಯುವುದು. ಮೂಲೆಗಳಲ್ಲಿ ಒಳಗೂ ಹೊರಗೂ ಗಾಜಿನ ಪಟ್ಟಿ ಬೇಕು. ನೇಯ್ಗೆಯ ಎಳೆಗಳು ಮೂಲೆಯ ಗೆರೆಗೆ 45 ಡಿಗ್ರಿ ಓರೆಯಾಗಿದ್ದರೆ ಬಟ್ಟೆ ಚೆನ್ನಾಗಿ ಮಡಚಿಕೊಳ್ಳುತ್ತದೆ ಮತ್ತು ಎಲ್ಲ ಎಳೆಗಳೂ ಮೂಲೆಯನ್ನು ದಾಟಿ ಹಿಡಿಯುತ್ತವೆ.

ಕಾರ್ಬನ್ ನೋಡಲು ಬಹಳ ಚಂದ. ಎಳೆಯ ಬಿಗಿತವೂ ಹೆಚ್ಚು: ಸಾಮಾನ್ಯ ಕಾರ್ಬನ್ ಎಳೆಯದು 230 ಗಿಗಾಪ್ಯಾಸ್ಕಲ್, ಸಾಮಾನ್ಯ ಗಾಜಿನ ಎಳೆಯಾದ ಇ-ಗ್ಲಾಸ್‌ನದು ಸುಮಾರು 72. ಆದರೆ ಈ ಗಾತ್ರದ ಪೆಟ್ಟಿಗೆಯಲ್ಲಿ ಮೊದಲು ಬಳುಕುವುದು ತಿರುಳು. ಹೊದಿಕೆಯನ್ನು ಎಷ್ಟು ಬಿಗಿ ಮಾಡಿದರೂ ಗೋಡೆಗೆ ಸಿಗುವ ಪ್ರಯೋಜನ ಅಲ್ಪ. ಗಾಜಿನ ಸ್ಯಾಂಡ್‌ವಿಚ್‌ಗಿಂತ ಉಳಿದ ತೂಕ ಅರ್ಧ ಕಿಲೋಗೂ ಕಡಿಮೆ. ಜೊತೆಗೆ ಕಾರ್ಬನ್ ವಿದ್ಯುತ್ ಹರಿಸುತ್ತದೆ, ಆದ್ದರಿಂದ ಟರ್ಮಿನಲ್‌ಗೆ ನಿರೋಧಕ ತೋಳು ಬೇಕು. ತೇವವಿದ್ದಲ್ಲಿ ಅದನ್ನು ಮುಟ್ಟಿಕೊಂಡಿರುವ ಅಲ್ಯೂಮಿನಿಯಂ ಸವೆಯುತ್ತದೆ. ಈ ಕೆಲಸಕ್ಕೆ ಕಾರ್ಬನ್‌ನ ಖರ್ಚು ಸಲ್ಲದು ಎಂಬುದು ನನ್ನ ದೃಢ ಅಭಿಪ್ರಾಯ.

ನಾದದ ವಿಷಯದಲ್ಲಿ ಒಂದು ಎಚ್ಚರಿಕೆ ಇದೆ. ಬೆರಳ ಗೆಣ್ಣಿನಿಂದ ತಟ್ಟಿದರೆ ಎಂಡಿಎಫ್ ಮಂದವಾಗಿ ಸದ್ದು ಮಾಡುತ್ತದೆ, ಸ್ಯಾಂಡ್‌ವಿಚ್ ಟಣ್ಣೆನ್ನುತ್ತದೆ. ಬಿಗಿತ ಹೆಚ್ಚಿ ತೂಕ ಇಳಿದಾಗ ಗೋಡೆಯ ಸ್ವಂತ ಕಂಪನ ಮೇಲಿನ ಸ್ವರಗಳಿಗೆ ಏರುತ್ತದೆ. 80 ಹರ್ಟ್ಸ್‌ಗಿಂತ ಮೇಲಿನ ಸ್ವರಗಳನ್ನು ಕತ್ತರಿಸಿದ ಸಬ್‌ವೂಫರ್ ಆ ಕಂಪನವನ್ನು ಕೆರಳಿಸುವುದೇ ಇಲ್ಲ. 1980ರ ದಶಕದಲ್ಲಿ ಬ್ರಿಟನ್ನಿನ ಸೆಲೆಸ್ಟಿಯನ್ ತನ್ನ ಎಸ್‌ಎಲ್600 ಸ್ಪೀಕರಿಗೆ ಏರೋಲ್ಯಾಮ್ ಎಂಬ ಅಲ್ಯೂಮಿನಿಯಂ ಜೇನುಗೂಡಿನ ಹಲಗೆ ಬಳಸಿ ಇದೇ ಹಗುರ ಬಿಗಿತದ ದಾರಿ ಹಿಡಿದಿತ್ತು. ಬಾಗಿಲಿನಲ್ಲಿ ಕೂರುವ ಮಿಡ್‌ಬಾಸ್ (ಸಬ್‌ವೂಫರಿಗಿಂತ ಮೇಲಿನ ಸ್ವರಗಳ) ಸ್ಪೀಕರಿಗೆ ಸ್ಯಾಂಡ್‌ವಿಚ್ ಕಟ್ಟುವವರು ಮಾತ್ರ ಒಳಗೋಡೆಗೆ ಕಂಪನ ಹೀರುವ ಬ್ಯೂಟೈಲ್ ರಬ್ಬರ್ ಹಾಳೆ ಅಂಟಿಸಲೇಬೇಕು. 200 ಹರ್ಟ್ಸ್‌ನಿಂದ ಮೇಲಕ್ಕೆ ಗೋಡೆಯ ಸದ್ದು ಹಾಡಿನೊಳಗೆ ಬೆರೆಯುತ್ತದೆ.

ಹಾಗಾದರೆ ವಕ್ರ ಜಾಗಕ್ಕೆ ಏನು? ಅಲ್ಲಿ ಚಿಪ್ಪನ್ನೇ ಮಾಡುತ್ತೇನೆ, ಆದರೆ 2–3 ಮಿಲಿಮೀಟರ್ ದಪ್ಪಕ್ಕೆ ನಿಲ್ಲಿಸಿ, ಚಪ್ಪಟೆ ಭಾಗಗಳ ಒಳಗೆ ಫೋಮ್ ತುಂಡುಗಳನ್ನು ಎಪಾಕ್ಸಿಯಿಂದ ಅಂಟಿಸಿ, ಅವುಗಳ ಮೇಲೆ ಎರಡು ಪದರ ಬಟ್ಟೆ ಹೊದಿಸುತ್ತೇನೆ. ಫೋಮಿನ ಅಂಚನ್ನು ಇಳಿಜಾರಾಗಿ ಉಜ್ಜಿದರೆ ಬಟ್ಟೆ ಗಾಳಿಗುಳ್ಳೆ ಇಲ್ಲದೆ ಕೂರುತ್ತದೆ.

ಯಾವ ರೆಸಿನ್ ಆದರೂ ಆವಿ ತಡೆಯುವ ಕಾರ್ಟ್ರಿಜ್ ಮಾಸ್ಕ್, ಕೈಗವಸು, ಕನ್ನಡಕ ಇಲ್ಲದೆ ಡಬ್ಬಿ ತೆರೆಯಬಾರದು; ಪಾಲಿಯೆಸ್ಟರನ್ನು ಗಟ್ಟಿಯಾಗಿಸಲು ಬೆರೆಸುವ ಹಾರ್ಡ್‌ನರ್ ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗಬಹುದು. ಕೋಣೆಯ ಉಷ್ಣತೆಯಲ್ಲಿ ಗಟ್ಟಿಯಾದ ಎಪಾಕ್ಸಿ ಸಾಮಾನ್ಯವಾಗಿ 50–60 ಡಿಗ್ರಿಯಲ್ಲಿ ಮೆತ್ತಗಾಗತೊಡಗುತ್ತದೆ, ಬಿಸಿಲಿನಲ್ಲಿ ನಿಂತ ಕಾರಿನೊಳಗೆ ಆ ಶಾಖ ಅಪರೂಪವಲ್ಲ. ಆದ್ದರಿಂದ ಡ್ರೈವರ್ ಬಿಗಿಯುವ ಮೊದಲು ತಯಾರಕರು ಹೇಳಿದ ಕ್ರಮದಲ್ಲಿ ಪೆಟ್ಟಿಗೆಗೆ ಹಂತಹಂತವಾಗಿ ಶಾಖ ಕೊಟ್ಟು, ನಿಧಾನವಾಗಿ ತಣಿಸಬೇಕು.