ಹಳೇ ಅಲ್ಯೂಮಿನಿಯಂ ದೋಣಿ ಸೋರ್ತಿದ್ರೆ ಯಾವ ಮದ್ದು? ನಾಲ್ಕೂ ಹಾಕಿ ನೋಡ್ದೆ

ಅಮೆರಿಕದ ಮಿನೆಸೋಟದಲ್ಲಿ ಹಳೇ ಮೀನು ಹಿಡಿಯೋ ದೋಣಿಗೇನೂ ಬರ ಇಲ್ಲ, ಅಲ್ಯೂಮಕ್ರಾಫ್ಟ್, ಲುಂಡ್, ಕ್ರೆಸ್ಟ್‌ಲೈನರ್ ಮೂರೂ ಇದೇ ರಾಜ್ಯದಲ್ಲಿ ಹುಟ್ಟಿದ ಹೆಸರುಗಳು. ನಂಗೆ ಸಿಕ್ಕಿದ್ದು 1960ರ ದಶಕದ್ದು, 14 ಅಡಿ, ಪೂರ್ತಿ ರಿವೆಟ್ (ತಗಡುಗಳನ್ನ ಸೇರಿಸೋ ಲೋಹದ ಮೊಳೆ) ಜೋಡಣೆ. ನೋಡೋಕೆ ಚೆಂದ, ಆದ್ರೆ ಕೆರೆಗಿಳಿಸಿ ಅರ್ಧ ಗಂಟೆಗೆ ಶೂ ಒಳಗೆಲ್ಲ ನೀರು.

ಎಲ್ಲಿ ಸೋರತ್ತೆ ಅಂತ ಹುಡುಕೋಕೆ ಟ್ರೇಲರ್ ಮೇಲೇ ಇಟ್ಟು ಒಳಗೆ ನಾಲ್ಕು ಇಂಚು ನೀರು ಬಿಟ್ಟು, ಕೆಳಗೆ ಮಲ್ಕೊಂಡು ತೊಟ್ಟಿಕ್ಕೋ ಕಡೆಯೆಲ್ಲ ಮಾರ್ಕರ್‌ನಲ್ಲಿ ಗುರುತು ಹಾಕ್ದೆ, 31 ಆಯ್ತು (ಜಾಸ್ತಿ ತುಂಬ್ಬೇಡಿ, ನೀರು ಭಾರ, ತಳ ಬಗ್ಗತ್ತೆ).

ಮೊದ್ಲು ಸುಲಭದ್ದು ಅಂತ ಟ್ಯೂಬ್‌ನಲ್ಲಿ ಬರೋ ಪಾಲಿಯುರೆಥೇನ್ ಸೀಲಂಟ್ (ಸಂದಿ ಮುಚ್ಚೋ ಅಂಟು) ಒಳಗಿಂದ ಮೆತ್ತಿದೆ. ಒಂದು ತಿಂಗಳು ಸುಮ್ನಿತ್ತು, ಆಮೇಲೆ ಅದೇ ಜಾಗ. ರಿವೆಟ್ಟೇ ಅಲ್ಲಾಡ್ತಿದ್ರೆ ಮೇಲೆ ಏನು ಬಳಿದ್ರೇನು, ಅಲೆ ಹೊಡ್ದಂಗೆಲ್ಲ ಅದು ಕದಲಿ ಅಂಟು ಬಿಡತ್ತೆ. ನಮ್ಮೂರ ಹರಿಗೋಲಿಗೆ ಟಾರು ಬಳಿಯೋರು ಕೂಡ ಮೊದ್ಲು ಬಿದಿರು ಗಟ್ಟಿ ಇದ್ಯಾ ನೋಡ್ತಾರೆ, ನಾನು ನೋಡ್ಲಿಲ್ಲ.

ಎರಡನೇದು ಬ್ರೇಜಿಂಗ್ ಕಡ್ಡಿ, ಬೆಂಕಿಯಲ್ಲಿ ಕರಗಿಸಿ ಬೆಸೆಯೋ ಲೋಹದ ಕಡ್ಡಿ. ವಿಡಿಯೋದಲ್ಲಿ ಬೆಣ್ಣೆ ಕರಗ್ದಂಗೆ ಕಾಣತ್ತೆ. ಅಲ್ಯೂಮಿನಿಯಂ 660 ಡಿಗ್ರಿ ಸೆಲ್ಸಿಯಸ್‌ಗೆ ಕರಗತ್ತೆ, ಆದ್ರೆ ಕೆಂಪಾಗಲ್ಲ, ಹಂಗಾಗಿ ಎಷ್ಟು ಬಿಸಿಯಾಯ್ತು ಅಂತ ಕಣ್ಣಿಗೆ ಗೊತ್ತೇ ಆಗಲ್ಲ; ಮೇಲಿನ ಆಕ್ಸೈಡ್ ಪದರ ಸ್ಟೀಲ್ ಬ್ರಶ್‌ನಲ್ಲಿ ಉಜ್ಜಿ ತೆಗೀದಿದ್ರೆ ಕಡ್ಡಿ ಗುಂಡು ಗುಂಡಾಗಿ ಉರುಳೋಗತ್ತೆ. ತಗಡು ಬಿಸಿಗೆ ಸೊಟ್ಟಗಾಗಿ ಪಕ್ಕದ ಎರಡು ರಿವೆಟ್ ಹೊಸದಾಗಿ ಸೋರೋಕೆ ಶುರು. ಒಡೆದ ಬಿರುಕಿಗೆ ಓಕೆ, ರಿವೆಟ್ ಸಾಲಿನ ಹತ್ರ ತರ್ಲೇಬೇಡಿ.

ಮೂರನೇದು ಹಳೇ ರಿವೆಟ್‌ನೇ ಮತ್ತೆ ಬಿಗಿ ಮಾಡೋದು. ಹೊರಗಿಂದ ಒಬ್ರು ತಲೆಗೆ ಸುತ್ತಿಗೆ, ಒಳಗಿಂದ ಇನ್ನೊಬ್ರು ಭಾರದ ಕಬ್ಬಿಣ ಒತ್ತಿ ಹಿಡೀಬೇಕು. ಹೆಂಡ್ತಿ ಒಳಗೆ, ನಾನು ಹೊರಗೆ, ಎರಡು ಶನಿವಾರ, ಒಂದಿಷ್ಟು ಜಗಳ. 31ರಲ್ಲಿ 22 ನಿಂತೋಯ್ತು, ಖರ್ಚು ಸೊನ್ನೆ! ತಲೆ ಸವೆದು ಹೋದ ಆರಕ್ಕೆ ಮಾತ್ರ ಕೊರೆದು ತುದಿ ಮುಚ್ಚಿರೋ ಪಾಪ್ ರಿವೆಟ್ (ಒಂದೇ ಕಡೆಯಿಂದ ಹಾಕೋ ಥರದ್ದು) ಸೀಲಂಟ್‌ನಲ್ಲಿ ಅದ್ದಿ ಹಾಕ್ದೆ. ಸಾಮಾನ್ಯ ಪಾಪ್ ರಿವೆಟ್ ತಗೋಬೇಡಿ, ಅದ್ರ ನಡುವೆ ತೂತಿರತ್ತೆ, ನೀರು ಅಲ್ಲಿಂದ್ಲೇ ಬರತ್ತೆ.

ಉಳಿದ ಮೂರು ಜಿನುಗಿಗೂ ತಗಡು ತಗಡು ಸೇರೋ ಜೋಡಣೆಗೂ ಕೊನೇಲಿ, ನಾಲ್ಕನೇದಾಗಿ, ಎರಡು ಡಬ್ಬಿ ಬೆರೆಸೋ, ಒಣಗಿದ್ಮೇಲೂ ಸ್ವಲ್ಪ ಬಾಗೋ ಎಪಾಕ್ಸಿ ಅಂಟು. ಹೇರ್ ಡ್ರೈಯರ್‌ನಲ್ಲಿ ಬೆಚ್ಚಗೆ ಮಾಡಿದ್ರೆ ತೆಳ್ಳಗಾಗಿ ಸಂದಿಯೊಳಗೆ ತಾನೇ ಇಳಿಯತ್ತೆ. ದುಬಾರಿ, ಆದ್ರೆ ಕೊಟ್ಟ ದುಡ್ಡಿಗೆ ಮೋಸ ಇಲ್ಲ. ಸೀಲಂಟ್ ಮೊದ್ಲೇ ಮೆತ್ತಿದ್ದಕ್ಕೆ ಅದನ್ನ ಕೆರೆಯೋಕೇ ಒಂದು ದಿನ ಹೋಯ್ತು, ಅದು ಬೇರೆ ಕತೆ.

ಟ್ರಾನ್ಸಂ ಹಲಗೆಗೆ (ದೋಣಿ ಹಿಂಬದಿ, ಮೋಟರ್ ಕೂರಿಸೋ ಜಾಗದ್ದು) ಅಂಗಡೀಲಿ ಸಿಗೋ ಟ್ರೀಟೆಡ್, ಅಂದ್ರೆ ಕೊಳೆಯದಂಗೆ ಔಷಧಿ ಹಾಕಿರೋ, ಪ್ಲೈವುಡ್ ಹಾಕ್ಬೇಡಿ, ಅದ್ರಲ್ಲಿ ತಾಮ್ರ ಇರತ್ತೆ, ಒದ್ದೆಯಾದ್ರೆ ಅಲ್ಯೂಮಿನಿಯಂ ತಿಂದ್ಹಾಕತ್ತೆ. ಹಳೇ ಓನರ್ ಅದನ್ನೇ ಹಾಕಿದ್ರು, ಬಿಚ್ಚಿದಾಗ ಹಿಂದೆಲ್ಲ ಬಿಳಿ ಪುಡಿ, ಗುಳಿ ಗುಳಿ. ನಾನು ಸಾದಾ ಮರೈನ್ ಪ್ಲೈಗೆ ಮೂರು ಕೋಟ್ ಎಪಾಕ್ಸಿ ಬಳಿದು ಕೂರಿಸಿದೀನಿ. ಮುಂದಿನ ಮೂತಿ ಹತ್ರ ಒಂದೇ ಒಂದು ತೊಟ್ಟು ಈಗ್ಲೂ ಬರ್ತಿದೆ, ಸ್ಪಂಜ್ ಇಟ್ಕೊಂಡಿದೀನಿ.