ಹೋಟ್ಲು, ಡೆಲಿವರಿ, ಫ್ಯಾಕ್ಟರಿ ಕ್ಯಾಂಟೀನ್: ಮೂರೂ ಮಾಡಿ ನೋಡಿದೆ

ಬೆಂಗಳೂರಲ್ಲಿ ಒಂದು ದರ್ಶಿನಿಲಿ ಆರು ವರ್ಷ ದೋಸೆ ಮಾಸ್ಟರ್ ಆಗಿದ್ದೆ. ಬಿಡ್ಲಾ ಬೇಡ್ವಾ ಅಂತ ಕೊನೇ ಒಂದ್ವರ್ಷ ದಿನಾ ರಾತ್ರಿ ಅದೇ ಯೋಚನೆ. ಎರಡು ತಿಂಗಳು ರಜೆ ಕೇಳ್ಕೊಂಡು ಡೆಲಿವರಿ ಮಾಡಿದೆ, ಸರಿಬರ್ಲಿಲ್ಲ, ಈಗ ಎಂಟು ತಿಂಗಳಿಂದ ಪೀಣ್ಯದಲ್ಲಿ ಒಂದು ಫ್ಯಾಕ್ಟರಿ ಕ್ಯಾಂಟೀನಲ್ಲಿದೀನಿ. ಇದೇ ಯೋಚನೇಲಿರೋರಿಗೆ ಉಪಯೋಗ ಆಗ್ಲಿ ಅಂತ ಲೆಕ್ಕ ಸಮೇತ ಬರೀತಿದೀನಿ.

ದುಡ್ಡಿನ ವಿಷ್ಯ ಮೊದ್ಲು ಹೇಳ್ಬಿಡ್ತೀನಿ, ಬರೀ ದುಡ್ಡು ನೋಡಿದ್ರೆ ಹೋಟ್ಲೇ ವಾಸಿ. ಕೈಗೆ 18,000, ರೂಮು ಊಟ ಎಲ್ಲಾ ಓನರ್ದು, ತಿಂಗಳಾದ್ರೆ ಮನೆಗೆ 15,000 ಕಳಿಸ್ತಿದ್ದೆ. ಡೆಲಿವರಿಲಿ ಒಳ್ಳೇ ದಿನ 1,100 ಬರ್ತಿತ್ತು, ಪೆಟ್ರೋಲ್ 280, ಹೊರಗಡೆ ಊಟ ಟೀ 120, ಉಳಿಯೋದು 700. 26 ದಿನಕ್ಕೆ 18,200 ಅಂತ ಖುಷಿಪಟ್ಟಿದ್ದೆ, ಆದ್ರೆ ರೂಮ್ ಬಾಡಿಗೆ 3,500, ಗಾಡಿ ಸರ್ವಿಸ್ ಅಂತ ಒಂದ್ಸಾವಿರ ಹೋದ್ರೆ ಉಳಿದಿದ್ದು 13,700, ಅದೂ ಮಳೇಲಿ ನೆಂದು ಜ್ವರ ಬಂದ್ರೆ ಆ ದಿನ ಸೊನ್ನೆ. 2025ರಲ್ಲಿ ಕರ್ನಾಟಕದಲ್ಲಿ ಗಿಗ್ ಕಾರ್ಮಿಕರ, ಅಂದ್ರೆ ಆ್ಯಪ್ ಕಂಪನಿಗಳಿಗೆ ದುಡಿಯೋ ನಮ್ಮಂಥೋರ ಕಾಯ್ದೆ ಬಂತು, ನಮ್ಗೆ ಕೊಡೋ ಹಣದ ಮೇಲೆ 1ರಿಂದ 5 ಪರ್ಸೆಂಟ್ ಕಂಪನಿಯವ್ರು ಕಲ್ಯಾಣ ನಿಧಿಗೆ ಕಟ್ಬೇಕು. ಒಳ್ಳೇದೇ, ಆದ್ರೆ ಮಲಗಿದ ದಿನದ ಕೂಲಿ ಅದ್ರಿಂದ ಬರಲ್ಲ.

ಕ್ಯಾಂಟೀನಲ್ಲಿ ಒಟ್ಟು ಸಂಬಳ 19,000, ಬೇಸಿಕ್ 15,000. ಪಿಎಫ್ (ಭವಿಷ್ಯ ನಿಧಿ) ಬೇಸಿಕ್ ಮೇಲೆ 12 ಪರ್ಸೆಂಟ್ ಅಂದ್ರೆ 1,800, ಇಎಸ್ಐ (ಕಾರ್ಮಿಕರ ಸರ್ಕಾರಿ ವಿಮೆ) ಒಟ್ಟು ಸಂಬಳದ ಮೇಲೆ 0.75 ಪರ್ಸೆಂಟ್, ಕೈಗೆ 17,050 ಚಿಲ್ರೆ. ಬಾಡಿಗೆ, ರಾತ್ರಿ ಊಟ ಕಳೆದ್ರೆ ಸುಮಾರು 12,000. ಮೂರರಲ್ಲಿ ಕಮ್ಮಿ ಇದೇ.

ಆದ್ರೂ ಯಾಕೆ ಇದಕ್ಕೆ ಬಂದೆ ಅಂದ್ರೆ ಕಾಲು. ಹೋಟ್ಲಲ್ಲಿ ಬೆಳಗ್ಗೆ 5ಕ್ಕೆ ಕಾವಲಿ ಮುಂದೆ ನಿಂತ್ರೆ 11ರ ತನಕ, ಮತ್ತೆ 3ರಿಂದ ರಾತ್ರಿ 10. ರೂಮಿಗೆ ಬಂದು ಗೋಡೆಗೆ ಕಾಲೆತ್ತಿ ಇಟ್ಕೊಂಡು ಮಲಗ್ತಿದ್ದೆ, ಮೊಣಕಾಲ ಹಿಂದೆ ನೀಲಿ ನರ ಹುರಿ ಥರ ಉಬ್ಬಿತ್ತು. 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಪ್ರಕಾರ ವಾರಕ್ಕೊಂದು ರಜೆ ಕೊಡ್ಲೇಬೇಕು, ನಮ್ಗೆ ತಿಂಗಳಿಗೆ ಎರಡು ಸಿಕ್ರೆ ಪುಣ್ಯ. ಕ್ಯಾಂಟೀನಲ್ಲಿ 6ರಿಂದ 3, ಭಾನುವಾರ ರಜೆ. ಹುಷಾರಿಲ್ದೆ ಮಲಗಿದ್ರೆ ಇಎಸ್ಐನಿಂದ ಸಂಬಳದ 70 ಪರ್ಸೆಂಟ್, ವರ್ಷಕ್ಕೆ 91 ದಿನದ ತನಕ ಸಿಗುತ್ತೆ. ಆರು ವರ್ಷದಲ್ಲಿ ಒಂದು ದೀಪಾವಳಿಗೂ ಊರಲ್ಲಿರ್ಲಿಲ್ಲ, ಈ ಸಲ ಮಗಳಿಗೆ ಎಣ್ಣೆ ಹಚ್ಚಿ ನಾನೇ ನೀರು ಹಾಕಿದೆ.

ಕೆಲಸದ ಖುಷಿ ಕೇಳಿದ್ರೆ ಮಾತ್ರ ಉತ್ತರ ಬೇರೆ. ಕಾದ ಕಾವಲಿಗೆ ನೀರು ಚಿಮುಕಿಸಿ ಕಡ್ಡಿ ಪೊರಕೆಲಿ ಗುಡಿಸಿದಾಗ ಚುಂಯ್ ಅನ್ನುತ್ತಲ್ಲ, ಆ ಸದ್ದಲ್ಲೇ ಕಾವು ಸಾಕಾ ಇನ್ನೂ ಬೇಕಾ ಅಂತ ಗೊತ್ತಾಗುತ್ತೆ, ಆಮೇಲೆ ಸಾಲಾಗಿ ಹನ್ನೆರಡು ಹುಯ್ದು ಬೆಣ್ಣೆ ಹಾಕಿ ಅಂಚು ಕೆಂಪಾಗೋದು ಕಾಯೋದು. ಇಲ್ಲಿ 600 ಜನಕ್ಕೆ ಅನ್ನ ಸಾಂಬಾರು, ಚೆನ್ನಾಗಿತ್ತು ಅನ್ನೋರು ಯಾರೂ ಇಲ್ಲ. ಅದು ನಂಗೆ ದಿನಾ ಚುಚ್ಚುತ್ತೆ.

ಬಿಡ್ಬೇಕು ಅಂತಿರೋರಿಗೆ ಒಂದು ಮಾತು, ಸಂಬಳ ಕ್ಯಾಶಲ್ಲಿ ತಗೋತಿದ್ರೆ ಈ ತಿಂಗಳಿಂದ್ಲೇ ಅಕೌಂಟಿಗೆ ಹಾಕಿ ಅಂತ ಕೇಳಿ, ದುಡಿದಿದ್ದಕ್ಕೆ ದಾಖಲೆ ಇರುತ್ತೆ. ಹತ್ತು ಜನ ಇಲ್ಲಾ ಅದಕ್ಕಿಂತ ಜಾಸ್ತಿ ಇರೋ ಕಡೆ ಐದು ವರ್ಷ ದುಡಿದ್ರೆ ಬಿಡುವಾಗ ಗ್ರಾಚ್ಯುಟಿ ಅಂತ ಇಡಿಗಂಟು ಬರುತ್ತೆ, ದುಡಿದ ಒಂದೊಂದು ವರ್ಷಕ್ಕೆ 15 ದಿನದ ಸಂಬಳ. ತಿಂಗಳಿಗೆ 26 ದಿನ ಅಂತ ಹಿಡಿದ್ರೆ ನನ್ನ ಲೆಕ್ಕದಲ್ಲಿ 62,000 ಮೇಲೆ ಬರ್ಬೇಕಿತ್ತು. ಆರು ವರ್ಷ ಅಲ್ಲಿ ದುಡಿದಿದ್ದಕ್ಕೆ ನನ್ನ ಹತ್ರ ಒಂದು ಚೀಟಿನೂ ಇಲ್ಲ.